ಕೋವಿಡ್ ಸಾವುಗಳ ಹಿಂದಿನ ರಕ್ತನಂಜು: ಒಂದು ಹಿನ್ನೆಲೆ

ಕೋವಿಡ್‌ನಿಂದ ತೀರಿಕೊಂಡವರ ಆಸ್ಪತ್ರೆ ದಾಖಲೆಯಲ್ಲಿ ‘ಸೆಪ್ಸಿಸ್’ (ರಕ್ತನಂಜು, ಅಂದರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡುವ ಸ್ಥಿತಿ) ಎಂಬ ಪದವೂ ಇದ್ದರೆ, ಜೀವ ತೆಗೆದದ್ದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬ ಪ್ರಶ್ನೆ ಮನೆಯವರಲ್ಲಿ ಏಳುವುದು ಸಹಜ.

ಮೈಸೂರಿಗೆ ಬ್ಯಾಕ್ಟೀರಿಯಾದ ಭಯ ಹಳೆಯದು. 1898ರಲ್ಲಿ ನಗರವನ್ನು ಹೊಕ್ಕ ಪ್ಲೇಗ್ ಬ್ಯಾಕ್ಟೀರಿಯಾದ್ದೇ ಕಾಯಿಲೆ. ಅದು ರಕ್ತಕ್ಕೇರಿದರೆ ಬದುಕುವವರು ವಿರಳವಾಗಿದ್ದರು. 1918ರ ಇನ್‌ಫ್ಲುಯೆಂಜಾದಲ್ಲಿಯೂ ಬಹುಪಾಲು ಸಾವುಗಳಿಗೆ ಕಾರಣವಾದದ್ದು ವೈರಸ್ಸಿನಿಂದ ಜರ್ಝರಿತವಾದ ಶ್ವಾಸಕೋಶದಲ್ಲಿ ಬೆಳೆದ ಬ್ಯಾಕ್ಟೀರಿಯಾ. 1940ರ ದಶಕದಲ್ಲಿ ಪೆನಿಸಿಲಿನ್ ಮತ್ತು ಇತರ ಆಂಟಿಬಯೋಟಿಕ್‌ಗಳು ಬಳಕೆಗೆ ಬಂದ ಮೇಲೆ ಆ ಭಯ ಹಿಂದೆ ಸರಿಯಿತು.

2020ರಲ್ಲಿ ಅದು ಬೇರೆ ದಾರಿಯಿಂದ ಮರಳಿತು. ಲಾಕ್‌ಡೌನ್ ಮತ್ತು ಮಾಸ್ಕ್‌ನ ಕಾರಣದಿಂದ ನ್ಯುಮೊಕಾಕಸ್‌ನಂಥ, ಉಸಿರಿನಿಂದ ಹರಡುವ ಬ್ಯಾಕ್ಟೀರಿಯಾಗಳ ತೀವ್ರ ಸೋಂಕು ಹಲವು ದೇಶಗಳಲ್ಲಿ ಇಳಿಯಿತು. ಏರಿದ್ದು ಆಸ್ಪತ್ರೆಯೊಳಗೆ ತಗುಲುವ ಸೋಂಕು. ವಾರಗಟ್ಟಲೆ ವೆಂಟಿಲೇಟರ್‌ನಲ್ಲಿ ಮಲಗಿದ ರೋಗಿಯ ಕತ್ತಿನ ರಕ್ತನಾಳದಲ್ಲಿ ಕೊಳವೆ, ಜೀವ ಉಳಿಸಲೆಂದೇ ಕೊಟ್ಟರೂ ಪ್ರತಿರೋಧ ಶಕ್ತಿಯನ್ನು ಕುಗ್ಗಿಸುವ ಸ್ಟೆರಾಯ್ಡ್, ಒಬ್ಬ ನರ್ಸ್‌ಗೆ ನೋಡಿಕೊಳ್ಳಲಾಗದಷ್ಟು ಹಾಸಿಗೆಗಳು, ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಬದಲಾಗದ ಕೈಗವಸು: ಇವೆಲ್ಲ ಸೇರಿದಾಗ ಬ್ಯಾಕ್ಟೀರಿಯಾಕ್ಕೆ ರಕ್ತದ ದಾರಿ ಸಲೀಸಾಯಿತು. ದಣಿದ ಸಿಬ್ಬಂದಿಯನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆ ವರ್ಷ ದೇಶದ 10 ಆಸ್ಪತ್ರೆಗಳ 17,534 ಕೋವಿಡ್ ರೋಗಿಗಳನ್ನು ಗಮನಿಸಿದಾಗ, ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೆಯ ಸೋಂಕು ಕಂಡದ್ದು ಶೇ. 3.6 ಮಂದಿಯಲ್ಲಿ ಮಾತ್ರ. ಆದರೆ ಅವರಲ್ಲಿ ಶೇ. 56.7 ಮಂದಿ ಸತ್ತರು. ಒಟ್ಟು ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ. 10.6 ಇತ್ತು. ಹೆಚ್ಚಾಗಿ ಸಿಕ್ಕಿದ ಕ್ಲೆಬ್ಸಿಯೆಲ್ಲಾ ಮತ್ತು ಅಸಿನಿಟೊಬ್ಯಾಕ್ಟರ್ ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು.

ಇನ್ನೊಂದೆಡೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿದ್ದವರು ಶೇ. 8ರಷ್ಟಾದರೂ ನಾಲ್ವರಲ್ಲಿ ಮೂವರಿಗೆ ಆಂಟಿಬಯೋಟಿಕ್ ನೀಡಲಾಯಿತು. ರಕ್ತದಲ್ಲಿ ಏನಿದೆ ಎಂದು ತಿಳಿಯುವ ಮೊದಲೇ ‘ಇರಲಿ’ ಎಂದು ಔಷಧ ಹಾಕುವ ಈ ರೂಢಿಯಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ; ಅದಕ್ಕೆ ಬೆಲೆ ತೆತ್ತವರು ನಂತರ ಬಂದ ರೋಗಿಗಳು. ಎಚ್.ಡಿ. ಕೋಟೆಯಿಂದಲೋ ಕೆ.ಆರ್. ಪೇಟೆಯಿಂದಲೋ ಮೈಸೂರಿಗೆ ಕಳುಹಿಸುವ ಮುನ್ನ ರೋಗಿಗೆ ಆಂಟಿಬಯೋಟಿಕ್ ಕೊಟ್ಟಿದ್ದರೆ, ಆಮೇಲೆ ಮಾಡಿದ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಏನೂ ಬೆಳೆಯದೆ ಹೋಗಬಹುದು. ಆಗ ಯಾವ ಔಷಧ ನಾಟುತ್ತದೆಂಬುದು ವೈದ್ಯರ ಊಹೆಗೆ ಉಳಿಯುತ್ತದೆ. ಮೊದಲ ಡೋಸ್‌ಗೆ ಮುನ್ನವೇ ಕಲ್ಚರ್ ಬಾಟಲಿಗೆ ರಕ್ತ ತೆಗೆದು, ಅದನ್ನು ತಡವಿಲ್ಲದೆ ಪ್ರಯೋಗಾಲಯಕ್ಕೆ ತಲುಪಿಸುವ ಏರ್ಪಾಡು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇರಬೇಕಾದದ್ದು ಈ ಕಾರಣಕ್ಕೆ.