ಬೈರಾಡ್ಸ್ 3 ಎಂದರೆ ಮೂರನೇ ಸ್ಟೇಜ್ ಅಲ್ಲ

ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯ ಸಾಲಲ್ಲಿ ‘ಬೈರಾಡ್ಸ್ 3’ ಅಂತ ಕಂಡರೆ ಸಾಕು, ‘ಮೂರನೇ ಸ್ಟೇಜಂತೆ’ ಎಂಬ ಸುದ್ದಿ ಸಂಜೆಯೊಳಗೆ ನೆಂಟರಿಷ್ಟರ ವಾಟ್ಸ್ಯಾಪ್ ಗುಂಪುಗಳನ್ನೆಲ್ಲ ಸುತ್ತಿ ಬರುತ್ತದೆ. ಇಪ್ಪತ್ತೆರಡರ ಹುಡುಗಿಯ ಎದೆಯಲ್ಲಿರುವ, ಏನೂ ಮಾಡದ ಗಂಟೊಂದು ಮನೆಮಂದಿಯ ಊಟ ನಿದ್ದೆ ಕೆಡಿಸುತ್ತದೆ. ಇನ್ನೊಂದು ಕಡೆ ‘ಬೈರಾಡ್ಸ್ 0’ ಅಂತ ಬಂದವರು ‘ಸೊನ್ನೆ ಬಂದಿದೆ, ಏನೂ ಇಲ್ಲ’ ಎಂದು ಫೈಲು ಬೀರುವಿನೊಳಗೆ ಇಟ್ಟುಬಿಡುತ್ತಾರೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯದ ತಪ್ಪು.

ಬೈರಾಡ್ಸ್ ಎಂಬುದು ರೋಗದ ಹೆಸರಲ್ಲ. ‘ಬ್ರೆಸ್ಟ್ ಇಮೇಜಿಂಗ್ ರಿಪೋರ್ಟಿಂಗ್ ಅಂಡ್ ಡೇಟಾ ಸಿಸ್ಟಮ್’ ಎಂಬ ಉದ್ದ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ಬರುವ ಪದ ಅದು. ಬಿ ಮತ್ತು ಐ ಸೇರಿ ‘ಬೈ’ ಆಗಿದೆ. ಈ ‘ಬೈ’ಯನ್ನು ‘ಬೈಲ್ಯಾಟರಲ್’ನ ‘ಬೈ’ ಎಂದುಕೊಂಡು, ಎರಡೂ ಎದೆಗೆ ತಗುಲಿದೆ ಎಂದು ಅರ್ಥ ಮಾಡುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಹೆಸರನ್ನು ಒಮ್ಮೆ ಬಿಡಿಸಿ ಓದಿ: ಎದೆಯ ಚಿತ್ರ, ವರದಿ, ಮಾಹಿತಿ, ಪದ್ಧತಿ. ಕ್ಯಾನ್ಸರ್ ಎಂಬ ಮಾತು ಅದರಲ್ಲಿ ಎಲ್ಲೂ ಬರುವುದಿಲ್ಲ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ನೋಡಿದ ರೇಡಿಯಾಲಜಿಸ್ಟ್ ಒಬ್ಬೊಬ್ಬರೂ ತಮ್ಮದೇ ಮಾತಿನಲ್ಲಿ ‘ಸ್ವಲ್ಪ ದಟ್ಟವಾಗಿದೆ, ಗಮನದಲ್ಲಿಡಿ’ ಎಂಬ ಧಾಟಿಯಲ್ಲಿ ಬರೆದರೆ, ಅದನ್ನು ಓದುವ ಸರ್ಜನ್‌ಗೆ ಸೂಜಿ ಹಾಕಿ ಪರೀಕ್ಷಿಸಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಈ ಗೊಂದಲ ಬಗೆಹರಿಸಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 1993ರಲ್ಲಿ ಈ ಪದ್ಧತಿ ತಂದಿತು. 2013ರ ಐದನೇ ಆವೃತ್ತಿ ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಎಂಆರ್‌ಐ ಮೂರಕ್ಕೂ ಭಾಷೆ ನಿಗದಿ ಮಾಡಿದೆ. ಪ್ರತಿ ಅಂಕಿಯ ಬೆನ್ನಿಗೂ ‘ಮುಂದೆ ಏನು ಮಾಡಬೇಕು’ ಎಂಬ ಸೂಚನೆ ಅಂಟಿಕೊಂಡಿದೆ. ಅಂಕಿ ಇರುವುದೇ ಆ ಸೂಚನೆಗಾಗಿ.

ಸ್ಟೇಜ್ ಉತ್ತರಿಸುವುದು ಬೇರೆಯದೇ ಪ್ರಶ್ನೆಗೆ. ತುಣುಕು ತೆಗೆದು ಲ್ಯಾಬಿನಲ್ಲಿ ನೋಡಿ ಕ್ಯಾನ್ಸರ್ ಖಚಿತವಾದ ಮೇಲೆ, ಗಡ್ಡೆ ಎಷ್ಟು ದೊಡ್ಡದು, ಕಂಕುಳಿನ ಗ್ರಂಥಿಗಳಿಗೆ ಹೋಗಿದೆಯೇ, ದೂರದ ಅಂಗಗಳಿಗೆ ಹರಡಿದೆಯೇ ಎಂದು ಲೆಕ್ಕ ಹಾಕಿ ಕೊಡುವುದು ಸ್ಟೇಜ್. ಅದು 0ಯಿಂದ 4ರವರೆಗೆ ಇದೆ. ಬೈರಾಡ್ಸ್ 0ಯಿಂದ 6ರವರೆಗೆ ಇದೆ. ಬರೀ ಸ್ಕ್ಯಾನ್ ಮಾಡಿಸಿ ಹೊರಬಂದ ಹೆಂಗಸಿಗೆ ಸ್ಟೇಜ್ ಎಂಬುದೇ ಇರುವುದಿಲ್ಲ.

ಇನ್ನು ಅಂಕಿಗಳು. 1 ಎಂದರೆ ಹೇಳುವಂಥದ್ದೇನೂ ಕಾಣಲಿಲ್ಲ. 2 ಎಂದರೆ ಏನೋ ಕಂಡಿದೆ, ಅದು ಖಂಡಿತ ನಿರುಪದ್ರವಿ. ಒಳಗೆ ಬರೀ ನೀರು ತುಂಬಿದ ಸಿಂಪಲ್ ಸಿಸ್ಟ್ ಈ ಗುಂಪಿನದು. 3 ಎಂದರೆ ಬಹುತೇಕ ನಿರುಪದ್ರವಿ, ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 2 ಅಥವಾ ಅದಕ್ಕಿಂತ ಕಡಿಮೆ. 4ರಲ್ಲಿ ಮೂರು ಭಾಗ: 4ಎ ಶೇ. 2ರಿಂದ 10, 4ಬಿ 10ರಿಂದ 50, 4ಸಿ 50ರಿಂದ 95. 5 ಎಂದರೆ ಶೇ. 95 ಅಥವಾ ಹೆಚ್ಚು. ಬಯಾಪ್ಸಿಯಲ್ಲಿ (ತುಣುಕು ತೆಗೆದು ನೋಡುವ ಪರೀಕ್ಷೆಯಲ್ಲಿ) ಆಗಲೇ ಕ್ಯಾನ್ಸರ್ ಖಚಿತವಾಗಿದ್ದರೆ 6. ಹಾಗಾಗಿ ‘4 ಬಂದಿದೆ, ಕೊನೆ ಸ್ಟೇಜ್’ ಎಂದು ಗೋಳಾಡುವವರು ಪಕ್ಕದ ಅಕ್ಷರವನ್ನೂ ಓದಬೇಕು. 4ಎ ಬಂದ ಹತ್ತು ಜನರಲ್ಲಿ ಒಂಬತ್ತಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೂ ಸೂಜಿ ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಆ ಉಳಿದವರು ಯಾರೆಂದು ಚಿತ್ರ ನೋಡಿ ಹೇಳಲಾಗುವುದಿಲ್ಲ. ಇದೇ ಮ್ಯಾಮೊಗ್ರಾಮ್ ರಿಪೋರ್ಟಿನ ಮೇಲ್ಭಾಗದಲ್ಲಿ ಎ, ಬಿ, ಸಿ, ಡಿ ಎಂಬ ಇನ್ನೊಂದು ಅಕ್ಷರ ಇರುತ್ತದೆ. ಅದು ಎದೆಯ ಸಾಂದ್ರತೆ. ‘ಟೈಪ್ ಸಿ’ ಎಂದರೆ ಗ್ರಂಥಿಯ ಅಂಗಾಂಶ ಹೆಚ್ಚಿದೆ, ಎಕ್ಸ್‌ರೇ ಚಿತ್ರದಲ್ಲಿ ಬಿಳಿಚಾಗಿ ಕಾಣುತ್ತದೆ, ಸಣ್ಣ ಗಂಟು ಮರೆಯಾಗಬಹುದು ಎಂದಷ್ಟೇ. ಅದನ್ನು 4ಸಿ ಜೊತೆ ಬೆರೆಸಬೇಡಿ.

ಸೊನ್ನೆಗೆ ಬರೋಣ. 0 ಎಂದರೆ ‘ತನಿಖೆ ಅರ್ಧಕ್ಕೆ ನಿಂತಿದೆ’. ಇನ್ನೊಂದು ಕೋನದ ಚಿತ್ರ ಬೇಕು, ಅಲ್ಟ್ರಾಸೌಂಡ್ ಬೇಕು, ಅಥವಾ ಹಿಂದಿನ ವರ್ಷದ ಫಿಲ್ಮ್ ತಂದು ಹೋಲಿಸಬೇಕು. ಒಳಗೇನಿದೆ ಎಂಬ ಬಗ್ಗೆ ಆ ಅಂಕಿ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಆ ರಿಪೋರ್ಟ್ ಹಿಡಿದು ಮನೆಗೆ ಹೋಗದೆ ಮುಂದಿನ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳಿ. ಹಳೆಯ ಫಿಲ್ಮ್, ಸಿ.ಡಿ.ಗಳನ್ನು ಎಸೆಯಬೇಡಿ ಎನ್ನುವುದೂ ಇದಕ್ಕೇ. ಎಷ್ಟೋ ಸೊನ್ನೆಗಳು ಹಳೆಯ ಚಿತ್ರ ಪಕ್ಕದಲ್ಲಿಟ್ಟ ಕೂಡಲೇ 2 ಆಗುತ್ತವೆ.

3 ಬಂದವರಲ್ಲಿ ದೊಡ್ಡ ಪಾಲು ಫೈಬ್ರೊಅಡಿನೋಮಾದ್ದು. ಸಾಮಾನ್ಯವಾಗಿ 15ರಿಂದ 35ರ ವಯಸ್ಸಿನಲ್ಲಿ ಕಾಣುವ, ರಬ್ಬರಿನಂತೆ ಗಟ್ಟಿಯಾದ, ಬೆರಳಿಟ್ಟರೆ ಜಾರಿ ಓಡುವ ಗಂಟು. ಅದರ ರಿಪೋರ್ಟ್ ಹೀಗಿರುತ್ತದೆ: ‘ಬಲ ಎದೆ, 10 ಗಂಟೆ ಸ್ಥಾನ, ತೊಟ್ಟಿನಿಂದ 3 ಸೆಂ.ಮೀ., 18 × 9 ಮಿ.ಮೀ., ಓವಲ್, ಸರ್ಕಮ್‌ಸ್ಕ್ರೈಬ್ಡ್, ಪ್ಯಾರಲಲ್, ಹೈಪೊಎಕೋಯಿಕ್.’ ಎದುರು ನಿಂತವರಿಗೆ ಎದೆ ಗಡಿಯಾರದ ಮುಖದಂತೆ ಕಾಣುತ್ತದೆ ಎಂದಿಟ್ಟುಕೊಂಡು ಸ್ಥಾನ ಹೇಳುತ್ತಾರೆ. ಬಲ ಎದೆಯ 10 ಗಂಟೆ ಎಂದರೆ ಕಂಕುಳಿನ ಕಡೆಯ ಮೇಲ್ಭಾಗ. ಸರ್ಕಮ್‌ಸ್ಕ್ರೈಬ್ಡ್ ಎಂದರೆ ಅಂಚು ಸ್ಪಷ್ಟ, ಸುತ್ತಲಿನ ಅಂಗಾಂಶದೊಳಗೆ ನುಗ್ಗಿಲ್ಲ. ಪ್ಯಾರಲಲ್ ಎಂದರೆ ಚರ್ಮಕ್ಕೆ ಸಮಾನಾಂತರವಾಗಿ ಮಲಗಿದೆ. ಕ್ಯಾನ್ಸರ್ ಗಡ್ಡೆ ಪದರಗಳನ್ನು ಅಡ್ಡಡ್ಡ ಸೀಳಿಕೊಂಡು ಅಗಲಕ್ಕಿಂತ ಎತ್ತರವಾಗಿ ಬೆಳೆಯುವುದುಂಟು. ಹೈಪೊಎಕೋಯಿಕ್ ಎಂಬ ಪದ ನೋಡಿ ಹೆದರುವವರು ಬಹಳ. ಅದು ಸ್ಕ್ಯಾನಿನಲ್ಲಿ ಸುತ್ತಲಿಗಿಂತ ಕಪ್ಪಗೆ ಕಂಡಿತು ಎಂಬ ವರ್ಣನೆ, ರೋಗದ ಹೆಸರಲ್ಲ.

ಇಂಥ ಗಂಟಿಗೆ ರೂಢಿಯ ದಾರಿ 6, 12, 24ನೇ ತಿಂಗಳಲ್ಲಿ ಮತ್ತೆ ಸ್ಕ್ಯಾನ್. ಎರಡು ವರ್ಷ ಅಲ್ಲಾಡದೆ ಇದ್ದರೆ 3 ಇಳಿದು 2 ಆಗುತ್ತದೆ. ಆರು ತಿಂಗಳಲ್ಲಿ ಅಳತೆ ಶೇ. 20ಕ್ಕಿಂತ ಹೆಚ್ಚು ಬೆಳೆದರೆ ಬಯಾಪ್ಸಿಗೆ ಕಾರಣವಾಯಿತು. 18 ಇದ್ದದ್ದು 22 ಮಿ.ಮೀ. ಆದರೆ ಹಾಗೆ. 18 ಹೋಗಿ 19 ಆದರೆ ಅದು ಸಾಮಾನ್ಯವಾಗಿ ಪ್ರೋಬ್ ಹಿಡಿದ ಕೋನದ ವ್ಯತ್ಯಾಸ. ಸಾಧ್ಯವಾದಷ್ಟು ಒಂದೇ ಸೆಂಟರಿನಲ್ಲಿ, ಹಿಂದಿನ ರಿಪೋರ್ಟ್ ಕೈಯಲ್ಲಿ ಹಿಡಿದು ಮಾಡಿಸಿ. ಗರ್ಭಿಣಿಯಾಗುವ ಯೋಚನೆ ಇದ್ದರೆ (ಆಗ ಫೈಬ್ರೊಅಡಿನೋಮಾ ಬೆಳೆಯಬಹುದು), ಅಮ್ಮ ಅಥವಾ ಅಕ್ಕತಂಗಿಯರಿಗೆ ಎದೆಯ ಕ್ಯಾನ್ಸರ್ ಆಗಿದ್ದರೆ, ಆರು ತಿಂಗಳಿಗೆ ವಾಪಸ್ ಬರಲು ಆಗದ ದೂರದ ಊರಿನವರಾದರೆ, 3ರಲ್ಲೇ ಸೂಜಿ ಪರೀಕ್ಷೆ ಮಾಡಿಸುವುದು ತಪ್ಪಲ್ಲ. ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು ಅಷ್ಟೇ. ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, 3 ಸೆಂ.ಮೀ. ದಾಟಿದರೆ, ನೋವು ಕೊಡುತ್ತಿದ್ದರೆ ತೆಗೆಸುವ ಮಾತು ಬರುತ್ತದೆ. ಬೇಗ ಬೆಳೆಯುವುದು ಫಿಲ್ಲೋಡ್ಸ್ ಎಂಬ ಬೇರೆ ಗಡ್ಡೆಯೂ ಇರಬಹುದು. ಬಿಸಿ ಎಣ್ಣೆ ತಿಕ್ಕುವುದರಿಂದ, ಪಟ್ಟು ಕಟ್ಟುವುದರಿಂದ ಯಾವ ಗಂಟೂ ಕರಗುವುದಿಲ್ಲ; ಚರ್ಮ ಸುಟ್ಟು, ಕೆಂಪಾಗಿ, ಡಾಕ್ಟರ್ ಪರೀಕ್ಷೆ ಕಷ್ಟವಾಗುತ್ತದೆ.

ಸೂಜಿಯ ವಿಷಯದಲ್ಲಿ ‘ಚುಚ್ಚಿದರೆ ಹರಡುತ್ತದೆ’ ಎಂಬ ಮಾತು ಎಷ್ಟು ಹೆಂಗಸರ ತಿಂಗಳುಗಳನ್ನು ತಿಂದಿದೆಯೋ! ಆ ಹೆದರಿಕೆಯಿಂದ ಪರೀಕ್ಷೆ ಮುಂದೂಡಲು ಕಾರಣವಿಲ್ಲ. ಎಫ್‌ಎನ್‌ಎಸಿ ಸಣ್ಣ ಸೂಜಿಯಲ್ಲಿ ಬಿಡಿ ಕೋಶಗಳನ್ನು ಎಳೆಯುತ್ತದೆ. ಕೋರ್ ಬಯಾಪ್ಸಿ ಸಾಮಾನ್ಯವಾಗಿ 14 ಗೇಜ್ ಸೂಜಿಯಲ್ಲಿ ದಾರದಂಥ ತುಣುಕುಗಳನ್ನೇ ತೆಗೆಯುತ್ತದೆ, ಹಾಗಾಗಿ ಹೆಚ್ಚು ಹೇಳುತ್ತದೆ. ಆಯ್ಕೆ ಇದ್ದರೆ ಕೋರ್ ಕೇಳಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದಲ್ಲಿ 2–3 ಮಿ.ಮೀ. ಕೊಯ್ದು, ಅಲ್ಟ್ರಾಸೌಂಡ್ ನೋಡುತ್ತ ಹಲವು ತುಣುಕು ತೆಗೆಯುತ್ತಾರೆ. ಪ್ರತಿ ಸಲ ‘ಟಕ್’ ಎಂದು ಜೋರಾಗಿ ಸದ್ದಾಗುತ್ತದೆ, ಬೆಚ್ಚಬೇಡಿ. ಆಮೇಲೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಒಂದೆರಡು ವಾರ ಕಂದು-ನೀಲಿ ಕಲೆ ಇರಬಹುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ, ತಾವೇ ನಿಲ್ಲಿಸಬೇಡಿ. ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್ ಎರಡೂ ಸೂಜಿಗಿಂತ ಮೊದಲು ಮುಗಿದಿರಲಿ. ಸೂಜಿ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟಿದ ಜಾಗ ಚಿತ್ರದಲ್ಲಿ ಗೊಂದಲ ಮಾಡುತ್ತದೆ. ಚಿತ್ರ ಒಂದು ಹೇಳಿ ಬಯಾಪ್ಸಿ ಇನ್ನೊಂದು ಹೇಳಿದರೆ, ಉದಾಹರಣೆಗೆ ಬೈರಾಡ್ಸ್ 5 ಇದ್ದು ಲ್ಯಾಬ್ ‘ಬಿನೈನ್’ (ನಿರುಪದ್ರವಿ) ಅಂದರೆ, ಸೂಜಿ ಗುರಿ ತಪ್ಪಿರಬಹುದು, ಮತ್ತೆ ಮಾಡಿಸಬೇಕು.

ಮ್ಯಾಮೊಗ್ರಾಮ್ ಮುಟ್ಟು ಶುರುವಾದ ಏಳರಿಂದ ಹತ್ತನೇ ದಿನದ ಸುಮಾರಿಗಾದರೆ ಒತ್ತುವಾಗ ನೋವು ಕಡಿಮೆ. ಆ ದಿನ ಪೌಡರ್, ಡಿಯೋಡ್ರೆಂಟ್ ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಂಡು ಬೇಡದ ಸೊನ್ನೆ ತರಿಸಬಹುದು. 30ರೊಳಗಿನವರಿಗೆ ಮೊದಲು ಅಲ್ಟ್ರಾಸೌಂಡೇ ಸಾಕಾಗುತ್ತದೆ. 30 ದಾಟಿದವರ ಎದೆಯನ್ನು ಕೈಯಿಂದ ಪರೀಕ್ಷಿಸುವ ವ್ಯವಸ್ಥೆ ಸರ್ಕಾರದ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ತಪಾಸಣೆಯಲ್ಲೂ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಬೈರಾಡ್ಸ್ 1 ಬಂದರೂ ಕೈಗೆ ಗಂಟು ಸಿಗುತ್ತಿದ್ದರೆ ಮಾತು ಮುಗಿದಿಲ್ಲ. ಎಲ್ಲ ಗಡ್ಡೆಯೂ ಮ್ಯಾಮೊಗ್ರಾಮಿನಲ್ಲಿ ಕಾಣುವುದಿಲ್ಲ. ಸರ್ಜನ್ ಕೈಯಿಟ್ಟು ನೋಡಿ, ಬೇಕಾದರೆ ಸೂಜಿ ಹಾಕಿ ತೀರ್ಮಾನಿಸಬೇಕು. ‘ನೋವಿದೆ, ಹಾಗಾಗಿ ಕ್ಯಾನ್ಸರ್ ಅಲ್ಲ’ ಎಂಬುದನ್ನೂ ನೆಚ್ಚಿಕೊಳ್ಳಬೇಡಿ. 3 ಬಂದು ಆರು ತಿಂಗಳು ಕಾಯುತ್ತಿರುವವರು ಚರ್ಮ ಗುಳಿಬಿದ್ದರೆ ಅಥವಾ ಕಿತ್ತಳೆ ಸಿಪ್ಪೆಯಂತಾದರೆ, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ, ಒಂದೇ ತೊಟ್ಟಿನಿಂದ ರಕ್ತ ಬಂದರೆ, ಕಂಕುಳಿನಲ್ಲಿ ಗಂಟು ಸಿಕ್ಕರೆ ಆರನೇ ತಿಂಗಳ ತಾರೀಖು ನೋಡದೆ ಅದೇ ವಾರ ಹೋಗಿ. ಹಾಲೂಡಿಸುವವರು ‘ಹಾಲು ಗಂಟು ಕಟ್ಟಿದೆ’ ಎಂದು ಎರಡು ವಾರಕ್ಕಿಂತ ಹೆಚ್ಚು ಬಿಡಬಾರದು. ಬಸಿರಿನಲ್ಲಿ, ಬಾಣಂತನದಲ್ಲಿ ಅಲ್ಟ್ರಾಸೌಂಡ್ ಮಾಡಿಸಲು ಯಾವ ಅಡ್ಡಿಯೂ ಇಲ್ಲ, ಅದಕ್ಕಾಗಿ ಹಾಲು ಬಿಡಿಸುವ ಅಗತ್ಯವೂ ಇಲ್ಲ.