ಬಿಳಿ ಉಣ್ಣೆ ಕಾರ್ಪೆಟ್ ಮೇಲೆ ಟೀ, ಶರಬತ್ತು ಚೆಲ್ಲಿದರೆ: ಹೌಸ್‌ಕೀಪಿಂಗ್ ಓದುವವರಿಗೆ ಟಿಪ್ಪಣಿ

ಕಲೆ ತೆಗೆಯುವ ಪಾಠದಲ್ಲಿ ಉದ್ದನೆಯ ಪಟ್ಟಿ ಇರುತ್ತದೆ. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ಎಲ್ಲ ಕಲಸಿಹೋಗುತ್ತದೆ. ಒಂದು ವಿಷಯ ಹಿಡಿದುಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ: ಉಣ್ಣೆಯ ಮೇಲೆ ಚೆಲ್ಲಿದ ಶರಬತ್ತು ಬರೀ ಕೊಳೆಯಲ್ಲ, ಅದು ಉಣ್ಣೆಗೆ ಬಣ್ಣ ಹಾಕುತ್ತದೆ.

ಉಣ್ಣೆ ಅಂದರೆ ಕೆರಾಟಿನ್, ನಮ್ಮ ಕೂದಲಲ್ಲಿರುವ ಪ್ರೋಟೀನೇ. ಹುಳಿ ದ್ರವ ತಾಗಿದಾಗ ಅದರ ಮೇಲೆ ಧನ ವಿದ್ಯುದಂಶ ಹೆಚ್ಚುತ್ತದೆ, ಋಣ ಅಂಶದ ಬಣ್ಣದ ಕಣಗಳು ಹೋಗಿ ಕಚ್ಚಿಕೊಳ್ಳುತ್ತವೆ. ಉಣ್ಣೆಗೆ ಬಣ್ಣ ಹಾಕುವವರು ಬಳಸುವ ಆಸಿಡ್ ಡೈ ಕೆಲಸ ಮಾಡುವುದೂ ಹೀಗೇ. ತಮಾಷೆ ನೋಡಿ: ಕೆಂಪು ಪಾನೀಯಗಳಿಗೆ ಹಾಕುವ ಕಾರ್ಮೊಯಿಸಿನ್‌ಗೆ ಡೈ ಪಟ್ಟಿಯಲ್ಲಿರುವ ಹೆಸರು ಆಸಿಡ್ ರೆಡ್ 14. ಹಳದಿಯ ಟಾರ್ಟ್ರಜೀನ್ ಅಲ್ಲಿ ಆಸಿಡ್ ಯೆಲ್ಲೋ 23. ಪಾನೀಯದಲ್ಲಿ ಸಿಟ್ರಿಕ್ ಆಮ್ಲ ಹೇಗೂ ಇರುತ್ತದೆ. ಮೇಲಿಂದ ಬಿಸಿನೀರು ಸುರಿದರೆ ಬಣ್ಣ ಹಾಕುವ ಕೆಲಸ ನಾವೇ ಮುಗಿಸಿಕೊಟ್ಟಂತೆ!

ಅದೃಷ್ಟಕ್ಕೆ ಉಣ್ಣೆಯ ಎಳೆಯ ಹೊರಗೆ ತೆಳುವಾದ ಜಿಡ್ಡಿನ ಪದರ ಇದೆ. ಚೆಲ್ಲಿದ್ದು ಸ್ವಲ್ಪ ಹೊತ್ತು ಹನಿಯಾಗಿ ಮೇಲೇ ನಿಲ್ಲುತ್ತದೆ. ಆಗಲೇ ಬಿಳಿ ಹತ್ತಿ ಬಟ್ಟೆ ಒತ್ತಿ ಹೀರಿಸಬೇಕು, ಅಂಚಿನಿಂದ ನಡುವಿಗೆ. ಉಜ್ಜಬೇಡಿ. ಎಳೆಗಳ ಮೇಲಿರುವ ಸಣ್ಣ ಸಣ್ಣ ಹುರುಪೆ ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತದೆ, ಕಲೆ ಹೋದರೂ ಆ ಗುರುತು ಹೋಗುವುದಿಲ್ಲ.

ಮುಂದಿನ ಹೆಜ್ಜೆ ಎಲ್ಲ ಕಲೆಗೂ ಒಂದೇ. ಒಂದು ಲೋಟ ತಣ್ಣೀರಿಗೆ ಒಂದು ಚಮಚ ಉಣ್ಣೆಗೆಂದೇ ಮಾರುವ ಲಿಕ್ವಿಡ್ (ಈಝಿಯಂಥದ್ದು) ಹಾಕಿ, ಬಟ್ಟೆ ಅದ್ದಿ ಒತ್ತಿ, ಮತ್ತೆ ಬರೀ ನೀರಿನಿಂದ ಒತ್ತಿ ತೆಗೆಯಿರಿ. ಒಣಗಿದ ಹಳೆ ಕಲೆಯಾದರೆ ಅದ್ದಿದ ಬಟ್ಟೆಯನ್ನು ಕಾಲು ಗಂಟೆ ಅದರ ಮೇಲೇ ಬಿಡಿ.

ಇಷ್ಟಕ್ಕೂ ಬಗ್ಗದಿದ್ದರೆ ಕಲೆಯ ಜಾತಿ ನೋಡಬೇಕು. ಟೀ, ಕಾಫಿಗೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು. ನಮ್ಮ ಟೀಯಲ್ಲಿ ಹಾಲೂ ಸಕ್ಕರೆಯೂ ಇರುವುದರಿಂದ ಲಿಕ್ವಿಡ್ ಹೆಜ್ಜೆ ಬಿಟ್ಟು ನೇರವಾಗಿ ವಿನೆಗರ್‌ಗೆ ಹೋಗಬಾರದು. ಸಕ್ಕರೆ ಉಳಿದರೆ ಆ ಜಾಗ ಮತ್ತೆ ಧೂಳು ಹಿಡಿಯುತ್ತದೆ.

ದ್ರಾಕ್ಷಿ ರಸ, ಪುನರ್ಪುಳಿ ಶರಬತ್ತಿನದು ಆಂಥೊಸಯನಿನ್ ಎಂಬ ಹಣ್ಣಿನ ಸಹಜ ಬಣ್ಣ. ಅಡುಗೆ ಸೋಡಾ ಹಾಕಿದರೆ ಕೆಂಪು ಹೋಗಿ ನೀಲಿಬೂದು ಬರುತ್ತದೆ, ಕಲೆ ಹೋಗುವುದಿಲ್ಲ. ಅರಿಶಿನ ಹಾಲಿಗಂತೂ ಸೋಡಾ ಬೇಡವೇ ಬೇಡ. ಆರತಿಯ ಓಕುಳಿ ನೀರು ನೋಡಿದ್ದೀರಲ್ಲ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಸುಣ್ಣದಂತೆ ಸೋಡಾ ಕೂಡ ಕ್ಷಾರ, ಅದೇ ಆಟ. ಕೃತಕ ಬಣ್ಣದ ಶರಬತ್ತಿಗೆ ವಿನೆಗರ್ ಕೂಡ ಬೇಡ, ಹುಳಿ ಜಾಸ್ತಿಯಾದಷ್ಟೂ ಬಣ್ಣ ಗಟ್ಟಿಯಾಗುತ್ತದೆ.

ಕೊನೆಯ ಅಸ್ತ್ರ ಹೈಡ್ರೋಜನ್ ಪೆರಾಕ್ಸೈಡ್. ಬಣ್ಣ ಹಾಕದ ಬಿಳಿ ಉಣ್ಣೆಗೆ ಮಾತ್ರ, ಅದೂ ಮೂಲೆಯಲ್ಲಿ ಪರೀಕ್ಷಿಸಿ. ಬಾಟಲಿ ಮೇಲೆ 20 ವಾಲ್ಯೂಮ್ ಎಂದಿದ್ದರೆ ಸುಮಾರು ಶೇ 6. ಸಮ ನೀರು ಬೆರೆಸಿದರೆ ಶೇ 3, ನಮಗೆ ಅಷ್ಟು ಸಾಕು. ಹತ್ತಿಯಲ್ಲಿ ಸವರಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನಿಂದ ಒತ್ತಿ ತೆಗೆಯಿರಿ. ಕೃತಕ ಕೆಂಪು ಇದಕ್ಕೂ ಜಗ್ಗದಿದ್ದರೆ ವೃತ್ತಿಪರರು ಸೋಡಿಯಂ ಮೆಟಾಬೈಸಲ್ಫೈಟ್‌ನಂಥದ್ದು ಬಳಸುತ್ತಾರೆ. ಅದರ ಘಾಟು ಆಸ್ತಮಾ ಇರುವವರಿಗೆ ಅಪಾಯ, ಆ ಕೆಲಸ ಅವರಿಗೇ ಬಿಡುವುದು ವಾಸಿ.

ಬ್ಲೀಚ್ ಬಗ್ಗೆ ಪ್ರಶ್ನೆ ಖಂಡಿತ ಬರುತ್ತದೆ. ಬಟ್ಟೆಯಲ್ಲಿ ಉಣ್ಣೆ ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಉಣ್ಣೆಯನ್ನು ಪೂರ್ತಿ ಕರಗಿಸುವುದೇ ಬ್ಲೀಚ್‌ನಲ್ಲಿರುವ ಹೈಪೋಕ್ಲೋರೈಟ್‌ನಿಂದ. ಇದಕ್ಕಿಂತ ಬೇರೆ ಉತ್ತರ ಬೇಕಾ? ಪ್ರೋಟೀನ್ ತಿನ್ನುವ ಎನ್‌ಜೈಮ್ ಇರುವ ಪುಡಿ, ವಾಷಿಂಗ್ ಸೋಡಾ, ‘ಆಕ್ಸಿ’ ಎಂದು ಮಾರುವ ಪುಡಿಗಳೂ ಉಣ್ಣೆಗೆ ಆಗದವೇ.

ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುವ ವಿಷಯ ಒಣಗಿಸುವುದು. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬುಡದಲ್ಲಿ ಉಳಿದ ಬಣ್ಣ ಒಣಗುವಾಗ ನೀರಿನ ಜೊತೆ ಮೇಲೇರಿ ಮರುದಿನ ಕಲೆ ಮತ್ತೆ ಕಾಣುತ್ತದೆ. ಹಿಂಬದಿಯಲ್ಲಿ ಸೆಣಬು ಇದ್ದರೆ ಅದರ ಕಂದು ಬಣ್ಣವೂ ಏರಬಹುದು. ಹಾಗಾಗಿ ನೀರು ಕಡಿಮೆ ಬಳಸಿ, ಬಿಳಿ ಬಟ್ಟೆ ಮಡಚಿಟ್ಟು ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಆಮೇಲೆ ಫ್ಯಾನ್.

ಇದೆಲ್ಲ ಉಣ್ಣೆಗೆ ಮಾತ್ರ. ನವಲಗುಂದದ ಜಮಖಾನ ಹತ್ತಿಯದು, ಅದರ ಲೆಕ್ಕ ಬೇರೆ. ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ.