ಕೊನೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ?

‘ಕೊನೆ ಸಪ್ಪೆಯಾಯಿತು’ ಎಂದು ಓದುಗರು ದೂರುವ ಕಥೆಗಳಲ್ಲಿ ಎಷ್ಟೋ ಸಲ ಕೊನೆಯ ಪುಟದ ಬರವಣಿಗೆ ಚೆನ್ನಾಗಿಯೇ ಇರುತ್ತದೆ. ಉದ್ದಕ್ಕೂ ಒಂದು ಪ್ರಶ್ನೆ ಕೇಳಿ, ಕೊನೆಗೆ ಬೇರೊಂದಕ್ಕೆ ಉತ್ತರ ಕೊಟ್ಟದ್ದೇ ತೊಡಕು.

ನಮಗೆಲ್ಲ ಬಾಯಿಪಾಠವಿರುವ ಗೋವಿನ ಹಾಡನ್ನೇ ನೋಡಿ. ಪ್ರಾಣಕ್ಕೆ ಬಂದಾಗಲೂ ಕೊಟ್ಟ ಮಾತು ನಿಂತೀತೇ ಎಂಬುದು ಅದರ ಪ್ರಶ್ನೆ. ಕರುವಿಗೆ ಮೊಲೆಯುಣಿಸಿ ಬರುತ್ತೇನೆ ಎಂದರೆ ಹುಲಿ ‘ಹುಸಿಯನಾಡುವೆ’ ಎನ್ನುತ್ತದೆ. ಪುಣ್ಯಕೋಟಿ ಸತ್ಯದ ಮೇಲೆ ಆಣೆಯಿಡುತ್ತಾಳೆ. ಕರು ಅಂಗಲಾಚಿದರೂ ಅದನ್ನು ಒಡಹುಟ್ಟಿದವರಿಗೆ ಒಪ್ಪಿಸಿ ಹೊರಡುತ್ತಾಳೆ. ಹೆಜ್ಜೆಹೆಜ್ಜೆಗೂ ಮಾತಿನ ಬೆಲೆ ಏರುತ್ತದೆ.

ಇಲ್ಲಿ ಗೊಲ್ಲ ಈಟಿ ಹಿಡಿದು ಬಂದು ಹುಲಿಯನ್ನು ಕೊಂದ ಎಂದುಕೊಳ್ಳಿ. ಕರುವಿಗೆ ತಾಯಿ ಉಳಿದಳು, ಸರಿ. ಆದರೆ ಗೆದ್ದದ್ದು ಈಟಿ. ಹುಲಿ ಸುಮ್ಮನೆ ‘ಹೋಗು’ ಎಂದು ಕಳಿಸಿದರೂ ಅರೆಬೆಂದ ಮುಕ್ತಾಯವೇ, ಏಕೆಂದರೆ ಸತ್ಯಕ್ಕೆ ಹುಲಿ ಏನೂ ತೆರಲಿಲ್ಲ. ಹಾಡಿನಲ್ಲಿ ಅದು ಹಾರಿ ಪ್ರಾಣ ಬಿಡುತ್ತದೆ. ಕೇಳುಗ ಊಹಿಸದ ತಿರುವು ಇದು, ಆದರೂ ಕೃತಕ ಅನ್ನಿಸುವುದಿಲ್ಲ. ಮಾತನ್ನು ನಂಬದೆ ಹೋದದ್ದು ಇದೇ ಹುಲಿಯಲ್ಲವೇ? ನಡುವಿನ ಆ ಅಪನಂಬಿಕೆಯ ಸಾಲುಗಳನ್ನು ಕಿತ್ತರೆ ಪಶ್ಚಾತ್ತಾಪ ಕವಿ ಹೇರಿದ್ದಾಗಿಬಿಡುತ್ತದೆ. (ಮಕ್ಕಳು ಹೆದರುತ್ತಾರೆಂದು ಹುಲಿಯ ಸಾವನ್ನು ತೆಗೆಯುವವರು ಇದನ್ನು ಯೋಚಿಸಬೇಕು.)

ನಿಮ್ಮ ಕಥೆ 3000 ಪದಗಳದ್ದಾದರೆ ಕೊನೆಯ 300 ಪದಗಳನ್ನಷ್ಟೇ ಓದಿ, ಅದು ಯಾವ ಪ್ರಶ್ನೆಗೆ ಉತ್ತರವೆಂದು ಒಂದು ಸಾಲು ಬರೆಯಿರಿ. ಮೊದಲ ಅರ್ಧವನ್ನು ಓದಿ ಅದು ಎತ್ತುವ ಪ್ರಶ್ನೆಯನ್ನೂ ಬರೆಯಿರಿ. ಎರಡೂ ಹೊಂದದಿದ್ದರೆ ಕೊನೆಯ ನಿರ್ಧಾರ ಯಾರದೆಂದು ನೋಡಿ: ಪೊಲೀಸರದೋ, ದಿಢೀರನೆ ಬಂದ ಕಾಗದದ್ದೋ, ಅಪಘಾತದ್ದೋ ಆಗಿದ್ದರೆ ಅದನ್ನು ಮುಖ್ಯ ಪಾತ್ರದ ಕೈಗೆ ಕೊಡಿ. ಮುಕ್ತಾಯ ಆತುಕೊಳ್ಳುವ ಸಂಗತಿ ಮೊದಲೇ ಎರಡು ಸಲ ಕಾಣಿಸಿರಲಿ: ಒಮ್ಮೆ ಏನೂ ಅಲ್ಲವೆಂಬಂತೆ, ಇನ್ನೊಮ್ಮೆ ಇಕ್ಕಟ್ಟಿನಲ್ಲಿ. ಪಾತ್ರವೇ ನಿಂತು ಆಶಯವನ್ನು ವಿವರಿಸುವ ಕೊನೆಯ ಪ್ಯಾರಾ ಇದ್ದರೆ ಹೊಡೆದುಹಾಕಿ. ಕಥೆ ಅದಕ್ಕೂ ಎರಡು ವಾಕ್ಯ ಮೊದಲೇ ಮುಗಿದಿರುತ್ತದೆ.

ಇನ್ನೊಂದು ಸಾಧ್ಯತೆಯಿದೆ. ಬರೆಯುತ್ತ ಬರೆಯುತ್ತ ಅರ್ಧ ದಾರಿಯಲ್ಲಿ ನಿಜವಾದ ವಸ್ತು ಸಿಕ್ಕಿರುತ್ತದೆ. ಆಗ ಕೊನೆ ಸರಿಯಿದ್ದು ಆರಂಭ ಹಳೆಯದಾಗಿರುತ್ತದೆ. ಅಂಥ ಕಥೆಯಲ್ಲಿ ಕೊನೆಯನ್ನು ಮುಟ್ಟದೆ, ಮೊದಲ ಎರಡು ದೃಶ್ಯಗಳನ್ನು ಹೊಸದಾಗಿ ಬರೆಯಿರಿ.